ಏಳು ಸೆಕೆಂಡಿನ ಚೀಟಿ

2024ರ ಏಪ್ರಿಲ್ 26ರಂದು ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮತದಾರರು ಸಾಲುಗಟ್ಟಿ ನಿಂತಿದ್ದ ಅದೇ ದಿನ, ಮತಯಂತ್ರದ ಕಾಗದದ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ತೀರ್ಪಿನ ಗುಣದೋಷಗಳನ್ನು ಕಾನೂನು ಬಲ್ಲವರು ಚರ್ಚಿಸಲಿ. ನನ್ನ ಕಳಕಳಿ ಬೇರೆ. ಕೈಗೆ ದೊರೆತಿರುವ ಪರಿಶೀಲನೆಯ ಅವಕಾಶವನ್ನಾದರೂ ನಾವು ಬಳಸುತ್ತಿದ್ದೇವೆಯೇ?

ಯಂತ್ರದ ಮೇಲಿನ ವಿವಾದ ಹೊಸದಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದಾಗ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ನ್ಯಾಯಾಲಯವು ಆ ಚುನಾವಣೆಯನ್ನು ರದ್ದುಗೊಳಿಸಿತು. ಕಾಗದದ ಚೀಟಿ ತೋರಿಸುವ ಯಂತ್ರವು 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ ಮೊದಲು ಬಂದು, 2019ರ ವೇಳೆಗೆ ದೇಶದ ಎಲ್ಲ ಮತಗಟ್ಟೆಗಳನ್ನೂ ತಲುಪಿತು. ವಿಶೇಷ ಜ್ಞಾನವಿಲ್ಲದ ಸಾಮಾನ್ಯನೂ ಚುನಾವಣೆಯನ್ನು ಪರಿಶೀಲಿಸುವಂತಿರಬೇಕೆಂದು ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರಲ್ಲಿ ಹೇಳಿದ ಮಾತು ಇಲ್ಲಿ ಸ್ಮರಣೀಯ.

ಗುಂಡಿ ಒತ್ತಿದ ಬಳಿಕ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳಿರುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ನಿಂತು ಪೆಟ್ಟಿಗೆಗೆ ಬೀಳುತ್ತದೆ. ಮತಗಟ್ಟೆಯಲ್ಲಿ ಕರ್ತವ್ಯ ನಿರ್ವಹಿಸಿದ ಅಧ್ಯಾಪಕ ಮಿತ್ರರಿಗೆ ತಿಳಿದಂತೆ, ಎಷ್ಟೋ ಮಂದಿ ಗುಂಡಿ ಒತ್ತಿದೊಡನೆಯೇ ಹೊರಗೆ ಹೊರಟುಬಿಡುತ್ತಾರೆ. ಕನ್ನಡಕ ಮರೆತು ಬಂದ ಅಜ್ಜಿಯನ್ನು ದೂಷಿಸಲಾಗದು. ಓದುಬಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಮಾತ್ರ ಆ ವಿನಾಯಿತಿ ಸಲ್ಲದು.

ಚೀಟಿಯಲ್ಲಿ ಬೇರೆ ಹೆಸರು ಕಂಡರೆ? ನಿಯಮವುಂಟು. ಮತದಾರನು ಲಿಖಿತ ಘೋಷಣೆ ಕೊಟ್ಟರೆ, ಏಜೆಂಟರ ಸಮ್ಮುಖದಲ್ಲಿ ಪರೀಕ್ಷಾರ್ಥ ಮತ ಹಾಕಿಸಿ ನೋಡುತ್ತಾರೆ; ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳೆನಿಸಿದರೆ ದೂರಿದವನಿಗೇ ಶಿಕ್ಷೆಯ ಭಯ. ಇದು ನನಗೆ ಒಪ್ಪಿಗೆಯಿಲ್ಲ. ಒಮ್ಮೆ ತಪ್ಪಿ ಮತ್ತೊಮ್ಮೆ ಸರಿಯಾಗಿ ನಡೆಯುವ ದೋಷವನ್ನು ಒಂದೇ ಪರೀಕ್ಷೆ ಹೇಗೆ ಹಿಡಿದೀತು? ಬೇಕೆಂದೇ ಕಿಡಿಗೇಡಿತನ ಮಾಡಿದವರಿಗೆ ಮಾತ್ರ ಶಿಕ್ಷೆಯಿರಲಿ. ಇಲ್ಲವಾದರೆ ಪ್ರಾಮಾಣಿಕನೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾನೆ.

ಇದಕ್ಕಿಂತ ದೊಡ್ಡ ಲೋಪ ನಮ್ಮದೇ. ಮತದಾನ ಮುಗಿದಾಗ ಚಲಾಯಿತ ಮತಗಳ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು, ಅಧ್ಯಕ್ಷಾಧಿಕಾರಿಯು ಹಾಜರಿರುವ ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಯಂತ್ರ ತೋರುವ ಒಟ್ಟು ಸಂಖ್ಯೆಯನ್ನು ತಾಳೆ ನೋಡಲು ಅದೇ ಆಧಾರ. ಆದರೆ ಬೆಳಗಿನ ಅಣಕು ಮತದಾನಕ್ಕೆ ಹುರುಪಿನಿಂದ ಬಂದವರ ಬೆಂಚು ಸಂಜೆಗೆ ಬರಿದಾಗಿರುವುದುಂಟು! 2019ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಕಾಗದಗಳನ್ನು ಎಣಿಸುತ್ತಾರೆ. ಎಂಟು ವಿಧಾನಸಭಾ ಕ್ಷೇತ್ರಗಳುಳ್ಳ ನಮ್ಮ ಲೋಕಸಭಾ ಕ್ಷೇತ್ರಕ್ಕೆ ಅದು ನಲವತ್ತು. ಉಳಿದ ಮತಗಟ್ಟೆಗಳಲ್ಲಿ ಆ ಸಂಜೆಯ ಹಾಳೆಯ ಬೆಲೆ ಇನ್ನೂ ಹೆಚ್ಚು.

ಆದುದರಿಂದ ನಮ್ಮ ಶಾಲಾ ಸಂಸತ್ತಿನ ಚುನಾವಣೆಯಲ್ಲೇ ಮಕ್ಕಳಿಂದ ಇಂತಹ ಲೆಕ್ಕದ ಹಾಳೆಯನ್ನು ತುಂಬಿಸಿ, ಸಹಿ ಹಾಕಿಸಿ, ಮರುದಿನ ಎಲ್ಲರೆದುರು ಎಣಿಸಿ ತಾಳೆ ನೋಡಿಸಬೇಕೆಂದು ಅಧ್ಯಾಪಕ ವೃಂದದಲ್ಲಿ ನನ್ನ ಅರಿಕೆ. ಬೇಕಾಗುವುದು ಒಂದು ದಸ್ತು ಕಾಗದ. ಅದರ ಖರ್ಚನ್ನು ನಾನೇ ಕೊಡುತ್ತೇನೆ.