ಲೆಕ್ಕಕ್ಕೆ ಹೆದರುವುದೇಕೆ?

ನನ್ನ ಜನಗಣತಿಯ ನೆನಪುಗಳನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ಪತ್ರ ಬರೆದಿದ್ದಾನೆ. "ಮೇಷ್ಟ್ರೇ, ಇಲ್ಲಿ ಬಂದೂಕಿನ ಸಾವುನೋವುಗಳ ಲೆಕ್ಕವನ್ನು ಸರ್ಕಾರ ಇಡಹೊರಟರೆ ಅದರ ಹಿಂದೆ ಬಂದೂಕು ಕಸಿಯುವ ಹುನ್ನಾರವಿರುತ್ತದೆ. ಲೆಕ್ಕವಿಲ್ಲದಿರುವುದೇ ಲೇಸು" ಎಂಬುದು ಅವನ ವಾದ. ಗಣಿತದಲ್ಲಿ ತೊಂಬತ್ತಕ್ಕಿಂತ ಕಡಿಮೆ ಅಂಕ ತೆಗೆದವನಲ್ಲ ಅವನು. ಆದುದರಿಂದಲೇ ಈ ಉತ್ತರ ತುಸು ಖಾರವಾಗಿದೆ.

1991ರ ಗಣತಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಕ್ಕಳ ಸಂಖ್ಯೆಯನ್ನು ಹೇಳಲು ಒಪ್ಪಲೇ ಇಲ್ಲ. ಎಣಿಸಿದರೆ ದೃಷ್ಟಿ ತಾಗುವುದೆಂಬ ಭಯ. ಆ ಭಯದ ಬೇರು ಮಮತೆಯಲ್ಲಿತ್ತು. ನಾನು ನಕ್ಕು, ಅಂಗಳದಲ್ಲಿ ಆಡುತ್ತಿದ್ದವರನ್ನು ಕಣ್ಣಲ್ಲೇ ಎಣಿಸಿಕೊಂಡು ಬಂದೆ. ಅಮೆರಿಕದ ಸಂಸತ್ತಿನ ಭಯ ಆ ಜಾತಿಯದಲ್ಲ.

1993ರಲ್ಲಿ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಮನೆಯಲ್ಲಿ ಬಂದೂಕಿದ್ದರೆ ಆ ಮನೆಯಲ್ಲಿ ಕೊಲೆ ನಡೆಯುವ ಅಪಾಯ ಹೆಚ್ಚೆಂಬ ಅಧ್ಯಯನವನ್ನು ಪ್ರಕಟಿಸಿದರು. ಅದಕ್ಕೆ ಸಿಡಿಸಿ ಎಂದು ಹೆಸರಾದ ರೋಗ ನಿಯಂತ್ರಣ ಕೇಂದ್ರದ ಧನಸಹಾಯವಿತ್ತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೆರಳಿತು. 1996ರಲ್ಲಿ ಸಂಸದ ಜೇ ಡಿಕಿ ಆಯವ್ಯಯ ಮಸೂದೆಗೆ ಒಂದು ವಾಕ್ಯ ಸೇರಿಸಿದರು: ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಕೇಂದ್ರದ ಹಣ ಬಳಕೆಯಾಗಕೂಡದು. ಸಂಶೋಧನೆ ಕೂಡದೆಂದು ಅದರಲ್ಲಿರಲಿಲ್ಲ. ಆದರೆ ಹಿಂದಿನ ವರ್ಷ ಆ ಸಂಶೋಧನೆಗೆ ವೆಚ್ಚವಾಗಿದ್ದ 26 ಲಕ್ಷ ಡಾಲರುಗಳನ್ನೇ ಹುಡುಕಿ ಬೇರೆ ಬಾಬ್ತಿಗೆ ತಿರುಗಿಸಿದರು. ಜಾಣನಿಗೆ ಮಾತಿನ ಪೆಟ್ಟು. ಕೇಂದ್ರದ ಅಧಿಕಾರಿಗಳು ಜಾಣರೇ ಇದ್ದರು. ಮತ್ತೆ ಆ ಕಾರ್ಯಕ್ಕೆಂದೇ ಹಣ ಮಂಜೂರಾದದ್ದು 2019ರ ಡಿಸೆಂಬರಿನಲ್ಲಿ, ಎರಡು ಸಂಸ್ಥೆಗಳಿಗೆ ಸೇರಿ 2.5 ಕೋಟಿ ಡಾಲರ್.

ಸತ್ತವರ ಸಂಖ್ಯೆ ಮರಣಪತ್ರಗಳಿಂದ ಎಂದೂ ದೊರೆಯುತ್ತಿತ್ತಲ್ಲ ಎನ್ನುವೆ. ದೊರೆಯುತ್ತಿತ್ತು. ಆದರೆ ಬಂದೂಕು ಯಾರದು, ಬೀಗದಲ್ಲಿತ್ತೇ, ಅದಕ್ಕೆ ಮುನ್ನ ಏನು ನಡೆಯಿತು ಎಂಬುದನ್ನು ಮರಣಪತ್ರ ಹೇಳದು. ಪೊಲೀಸರ, ಶವಪರೀಕ್ಷಕರ ದಾಖಲೆಗಳನ್ನು ಅದರೊಡನೆ ಜೋಡಿಸಿ ನೋಡುವ ವ್ಯವಸ್ಥೆ 2002ರಲ್ಲಿ ಕೇವಲ ಆರು ರಾಜ್ಯಗಳಲ್ಲಿ ಆರಂಭವಾಯಿತು. ಐವತ್ತು ರಾಜ್ಯಗಳಿಗೂ ಹಬ್ಬಲು 2018 ಬರಬೇಕಾಯಿತು. ಈ ವಿವರಗಳಿಂದ ಏನು ಪ್ರಯೋಜನವೆಂದು ಕೇಳಬೇಡ. 2021ರಲ್ಲಿ ಆ ದೇಶದಲ್ಲಿ ಗುಂಡಿಗೆ ಬಲಿಯಾದವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಟಿ.ವಿ.ಯವರು ತೋರಿಸುವುದು ಶಾಲೆಯ, ಮಾರುಕಟ್ಟೆಯ ಹತ್ಯಾಕಾಂಡಗಳನ್ನು. ಲೆಕ್ಕ ತೋರಿಸುವುದು ಯಾರಿಗೂ ಹೇಳದೆ ನೊಂದ ಜೀವಗಳನ್ನು. ಶಾಲೆಯ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದರೆ ಇವರಲ್ಲಿ ಒಬ್ಬರೂ ಉಳಿಯರು. ಮನೆಯ ಬಂದೂಕಿಗೆ ಬೀಗ ಬಿದ್ದರೆ, ಮನಸ್ಸು ಕುಸಿದ ದಿನಗಳಲ್ಲಿ ಅದನ್ನು ಬೇರೆಯವರು ಕಾದಿಟ್ಟರೆ, ಕೆಲವರಾದರೂ ಉಳಿದಾರು.

ಬಂದೂಕು ಕಸಿಯುವರೆಂಬ ಮಾತಿಗೆ ಬರುತ್ತೇನೆ. ಘಟನೆಗಳನ್ನು ಎಣಿಸುವುದು ಬೇರೆ, ಮಾಲೀಕರ ಪಟ್ಟಿ ಮಾಡುವುದು ಬೇರೆ. ಎರಡನೆಯದನ್ನು ಕೇಂದ್ರ ಸರ್ಕಾರ ಮಾಡದಂತೆ 1986ರ ಕಾಯಿದೆಯೇ ತಡೆದಿದೆ. ರಸ್ತೆಯಲ್ಲಿ ಪ್ರಾಣಹಾನಿಯಾದ ಪ್ರತಿಯೊಂದು ಅಪಘಾತದ ವಿವರವನ್ನು ಅದೇ ಸರ್ಕಾರ 1975ರಿಂದ ದಾಖಲಿಸುತ್ತ ಬಂದಿದೆ. ಅದಕ್ಕಾಗಿ ನಿನ್ನ ಕಾರನ್ನು ಯಾರಾದರೂ ಒಯ್ದರೇ, ಮಾರಾಯ?

ನಿನ್ನ ಪಕ್ಷದ ಸಾಕ್ಷಿಯನ್ನೇ ಕರೆಯುತ್ತೇನೆ. ಆ ವಾಕ್ಯ ಬರೆದ ಡಿಕಿಯವರೇ, ತಮ್ಮ ಹಳೆಯ ಎದುರಾಳಿ, ಸಿಡಿಸಿಯ ಮಾರ್ಕ್ ರೋಸೆನ್‌ಬರ್ಗ್ ಅವರೊಡನೆ ಕೂಡಿ 2012ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಈ ಸಂಶೋಧನೆ ನಡೆಯಬೇಕೆಂದರು. 2017ರಲ್ಲಿ ತೀರಿಕೊಂಡರು.

ಗುಂಡಿನ ದಾಳಿಯಾದರೆ ಮೇಜಿನ ಕೆಳಗೆ ಅವಿತುಕೊಳ್ಳುವ ಅಭ್ಯಾಸವನ್ನು ಮಗಳ ಶಾಲೆಯಲ್ಲಿ ಮಾಡಿಸುತ್ತಾರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀಯೆ. ವರ್ಷಕ್ಕೆ ಎಷ್ಟು ಸಲ ಎಂದು ಅವಳನ್ನು ಕೇಳಿ ನನಗೆ ತಿಳಿಸು.