ದರಫಲಕವಿಲ್ಲದ ಬಂಕು

ಅಡಿಕೆಯ ಮೂಟೆ ಹೊತ್ತು ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಮಲೆನಾಡಿನ ರೈತ ಮೊದಲು ಕೇಳುವುದು ಎರಡೇ ಪ್ರಶ್ನೆ: ಇಂದಿನ ಧಾರಣೆ ಎಷ್ಟು, ತಕ್ಕಡಿ ಸರಿಯಿದೆಯೇ? ಪೆಟ್ರೋಲ್ ಬಂಕಿನಲ್ಲಿ ವಾಹನ ನಿಲ್ಲಿಸುವವನಿಗೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಲೀಟರಿನ ದರ ಫಲಕದ ಮೇಲಿರುತ್ತದೆ. ಮೀಟರು ಸೊನ್ನೆಯಿಂದ ಆರಂಭವಾಗುತ್ತದೆ. ಸಂಶಯ ಬಂದರೆ 5 ಲೀಟರಿನ ಅಳತೆ ಪಾತ್ರೆ ತರಿಸಿ ಪರೀಕ್ಷಿಸಬಹುದು. ಹಣ ನೀಡಲು ನೋಟು, ಕಾರ್ಡು, ಮೊಬೈಲು ಯಾವುದಾದರೂ ಸಾಕು. ಆದರೆ ರಸ್ತೆ ಬದಿಯ ವಿದ್ಯುತ್ ಚಾರ್ಜಿಂಗ್ ಕೇಂದ್ರಗಳಲ್ಲಿ ಈ ಸರಳ ನ್ಯಾಯ ಇನ್ನೂ ನೆಲೆಗೊಂಡಿಲ್ಲ. ಅನೇಕ ಕಡೆ ದರ ತಿಳಿಯಬೇಕಾದರೆ ಮೊದಲು ಆಯಾ ಕಂಪನಿಯ ಆ್ಯಪ್ ಇಳಿಸಿಕೊಳ್ಳಬೇಕು, ಹೆಸರು ನೋಂದಾಯಿಸಬೇಕು, ಅದರ ಖಾತೆಗೆ ಮುಂಗಡ ಹಣ ತುಂಬಬೇಕು.

ಇದು ನಗರದ ಸಿರಿವಂತರ ಸಮಸ್ಯೆ, ಹಳ್ಳಿಗೇನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಘಟ್ಟದ ರಸ್ತೆಗಳಲ್ಲಿ ವಿದ್ಯುತ್ ಕಾರುಗಳ ಸಂಖ್ಯೆ ಏರುತ್ತಿದೆ. ಅವುಗಳಲ್ಲಿ ಪ್ರವಾಸಿಗರಷ್ಟೇ ಇರುವುದಿಲ್ಲ. ಸಾಲ ಮಾಡಿ ವಿದ್ಯುತ್ ಟ್ಯಾಕ್ಸಿ ಕೊಂಡ ಹಳ್ಳಿಯ ಯುವಕನೂ ಇದ್ದಾನೆ. ರೋಗಿಯನ್ನು ಕೂರಿಸಿಕೊಂಡು ಮಣಿಪಾಲಕ್ಕೋ ಮಂಗಳೂರಿಗೋ ಧಾವಿಸುವ ಅವನಿಗೆ ದಾರಿಯ ಮಧ್ಯೆ ಆ್ಯಪ್ ತೆರೆದುಕೊಳ್ಳದಿದ್ದರೆ ಆಗುವ ನಷ್ಟ ಕೇವಲ ಹಣದ್ದಲ್ಲ. ಅದಕ್ಕಿಂತ ಮಿಗಿಲಾಗಿ, ಈ ವಿದ್ಯುತ್ತಿಗೆ ಯಾವ ಹೊತ್ತಿನಲ್ಲಿ ಯಾವ ಬೆಲೆ ಎಂಬ ತೀರ್ಮಾನ ಮಲೆನಾಡಿನ ಕಣಿವೆಗಳ ಭವಿಷ್ಯವನ್ನೂ ಮುಟ್ಟುತ್ತದೆ.

ಮೊದಲು ಘಟ್ಟದ ಲೆಕ್ಕವನ್ನೇ ನೋಡಬಹುದು. ಮಂಗಳೂರಿನಿಂದ ಶಿರಾಡಿ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಕಡಲ ಮಟ್ಟದಿಂದ ಹೊರಟ ಕಾರು ಸಕಲೇಶಪುರ ತಲುಪುವಷ್ಟರಲ್ಲಿ ಸುಮಾರು 900 ಮೀಟರ್ ಎತ್ತರ ಏರಿರುತ್ತದೆ. ಪ್ರಯಾಣಿಕರೂ ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಲೆಕ್ಕದಂತೆ 4.4 ಯೂನಿಟ್ ವಿದ್ಯುತ್ ಬೇಕು. ಮೋಟಾರಿನಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಸುಮಾರು 5 ಯೂನಿಟ್. ಸಮತಟ್ಟಾದ ರಸ್ತೆಯಲ್ಲಿ ಅದೇ ವಿದ್ಯುತ್ತಿನಿಂದ ಕಾರು 30ಕ್ಕೂ ಹೆಚ್ಚು ಕಿಲೋಮೀಟರ್ ಸಾಗಬಲ್ಲದು. ಘಟ್ಟ ಇಳಿಯುವಾಗ ಮೋಟಾರು ಜನರೇಟರಿನಂತೆ ವರ್ತಿಸಿ ಇದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಏರುವವನಿಗೆ ಘಟ್ಟದ ತಲೆಯಲ್ಲಿ ಚಾರ್ಜಿಂಗ್ ಬೇಕೇ ಬೇಕು. ಬಯಲುಸೀಮೆಯಲ್ಲಿ ಒಂದು ಕೇಂದ್ರ ಕೈಕೊಟ್ಟರೆ ಮುಂದಿನದಕ್ಕೆ ಹೋಗಬಹುದು. ಘಟ್ಟದಲ್ಲಿ ಆ ಸೌಕರ್ಯವಿಲ್ಲ. ಅನ್ಯ ಮಾರ್ಗವಿಲ್ಲದ ಗ್ರಾಹಕನಿಗೆ ದರದ ಬಗ್ಗೆ ಚೌಕಾಶಿಯೂ ಸಾಧ್ಯವಿಲ್ಲ.

ಇನ್ನು ಬಿಲ್ಲಿನ ಲೆಕ್ಕ. 40 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಶೇ. 20ರಿಂದ ಶೇ. 80ಕ್ಕೆ ತುಂಬಿಸಲು 24 ಯೂನಿಟ್ ಬೇಕು. ಶೇ. 80ರ ನಂತರ ಬ್ಯಾಟರಿ ವಿದ್ಯುತ್ತನ್ನು ಹೀರುವ ವೇಗ ತೀರಾ ಕುಗ್ಗುವುದರಿಂದ ದೂರ ಪ್ರಯಾಣಿಕರು ಅಲ್ಲಿಗೇ ನಿಲ್ಲಿಸಿ ಹೊರಡುವುದು ವಿವೇಕ. ಹಿಂದೆ ಕಾದಿರುವವರಿಗೂ ಅದು ಉಪಕಾರ. ಮನೆಯಲ್ಲಿ ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸಿನಂತೆ ಇದಕ್ಕೆ ಸುಮಾರು 144 ರೂಪಾಯಿ ತಗಲುತ್ತದೆ. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಎಂದಿಟ್ಟುಕೊಂಡರೆ 480 ರೂಪಾಯಿ. ಅದರ ಮೇಲೆ ಶೇ. 18ರ ತೆರಿಗೆ ಸೇರಿ 566 ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲ್ ಕಾರಿಗೆ ಸುಮಾರು 1,000 ರೂಪಾಯಿ ಬೇಕಾಗುವುದರಿಂದ ಇದು ಈಗಲೂ ಅಗ್ಗವೇ. ಆದರೆ ಮನೆಯ ದರಕ್ಕೆ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು.

ಈ ನಾಲ್ಕು ಪಟ್ಟನ್ನು ಸಾರಾಸಗಟಾಗಿ ಸುಲಿಗೆ ಎನ್ನುವುದು ತಪ್ಪಾದೀತು. ಪರಿವರ್ತಕ, ತಂತಿ, ಯಂತ್ರ, ಜಾಗ, ದುರಸ್ತಿ ಎಲ್ಲಕ್ಕೂ ಖರ್ಚಿದೆ. ಉದಾಹರಣೆಗೆ 10 ಲಕ್ಷ ರೂಪಾಯಿಯ ಯಂತ್ರವೊಂದು 10 ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 1 ಲಕ್ಷದ ಸ್ಥಿರ ವೆಚ್ಚವಾಯಿತು. ದಿನಕ್ಕೆ 100 ಯೂನಿಟ್ ಮಾರಾಟವಾದರೆ ಯೂನಿಟ್ಟಿನ ಮೇಲೆ ಬೀಳುವ ಹೊರೆ ಮೂರು ರೂಪಾಯಿಗಿಂತ ಕಡಿಮೆ. ದಿನಕ್ಕೆ 20 ಯೂನಿಟ್ ಮಾತ್ರ ಮಾರಾಟವಾದರೆ ಅದೇ ಹೊರೆ 14 ರೂಪಾಯಿಯ ಹತ್ತಿರ. ವಾಹನ ವಿರಳವಾದ ಮಲೆನಾಡಿನ ಒಳದಾರಿಗಳಿಗೆ ಕಂಪನಿಗಳು ಬಾರದಿರುವುದರ ಗುಟ್ಟು ಇಲ್ಲಿದೆ. 2024ರ ಅಂತ್ಯದ ಹೊತ್ತಿಗೆ ಕರ್ನಾಟಕದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ 5,000 ದಾಟಿ ರಾಜ್ಯ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇದ್ದವು. ಮಾರುಕಟ್ಟೆಯೊಂದನ್ನೇ ನಂಬಿದರೆ ಬಸ್ಸು, ಆಸ್ಪತ್ರೆ, ದೂರವಾಣಿಗಳ ವಿಷಯದಲ್ಲಿ ಆದಂತೆ ಇಲ್ಲಿಯೂ ಬೆಟ್ಟದ ಜನ ಕೊನೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಖರ್ಚು ನ್ಯಾಯವಾದದ್ದೇ ಆದರೂ ತೆರಿಗೆಯ ತಾರತಮ್ಯಕ್ಕೆ ಸಮರ್ಥನೆ ಕಷ್ಟ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯವು ವಾಹನ ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಒಂದು ಸೇವೆ ಎಂದು ಸ್ಪಷ್ಟಪಡಿಸಿತು. 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಪರವಾನಗಿ ಬೇಕಿಲ್ಲವೆಂಬ ಈ ನಿಲುವಿನಿಂದ ಯಾರು ಬೇಕಾದರೂ ಕೇಂದ್ರ ತೆರೆಯಲು ಅನುಕೂಲವಾಯಿತು. ಆದರೆ ಸೇವೆ ಎಂದೊಡನೆ ಸೇವೆಯ ತೆರಿಗೆಯೂ ಹಿಂದೆಯೇ ಬಂತು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವು 2023ರ ಜುಲೈನಲ್ಲಿ ಉತ್ತರಿಸುತ್ತ, ವಿದ್ಯುತ್ತಿನ ಬೆಲೆಯೂ ಸೇರಿದಂತೆ ಇಡೀ ಮೊತ್ತಕ್ಕೆ ಶೇ. 18ರ ತೆರಿಗೆ ಅನ್ವಯಿಸುತ್ತದೆ ಎಂದಿತು. ಇಂಥ ತೀರ್ಪು ಕೇಳಿದವರನ್ನು ಮಾತ್ರ ಬಂಧಿಸುವುದಾದರೂ ಅದು ತೋರುವ ದಿಕ್ಕು ಸ್ಪಷ್ಟವಾಗಿದೆ. ಮನೆಗೆ ಬರುವ ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ವಿದ್ಯುತ್ ಕಾರನ್ನು ಕೊಳ್ಳುವಾಗ 2019ರ ಆಗಸ್ಟ್‌ನಿಂದ ಶೇ. 5ರ ತೆರಿಗೆ ಮಾತ್ರ. ಅಂದರೆ ಸ್ವಂತ ಮನೆ, ಸ್ವಂತ ಗ್ಯಾರೇಜು ಉಳ್ಳವನ ಕಾರಿಗೂ ವಿದ್ಯುತ್ತಿಗೂ ರಿಯಾಯಿತಿ; ಬಾಡಿಗೆ ಮನೆಯಲ್ಲಿದ್ದು ದಿನವಿಡೀ ರಸ್ತೆಯಲ್ಲಿ ದುಡಿಯುವ ಟ್ಯಾಕ್ಸಿ ಚಾಲಕನಿಗೆ ಪ್ರತಿ ಯೂನಿಟ್ಟಿಗೂ ಶೇ. 18ರ ಹೊರೆ.

ಪಾವತಿಯ ವಿಧಾನವೂ ಇಷ್ಟೇ ಗಂಭೀರವಾದದ್ದು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ಹಣದ ಚೀಲ. ಒಂದರಲ್ಲಿ ಎಂಬತ್ತು, ಇನ್ನೊಂದರಲ್ಲಿ ನೂರ ಇಪ್ಪತ್ತು ಎಂದು ಉಳಿಯುವ ಚಿಲ್ಲರೆ ಹಣ ಗ್ರಾಹಕನಿಗೆ ಮರಳದೆ ಬಡ್ಡಿಯಿಲ್ಲದ ಠೇವಣಿಯಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿದಾಗ ಮೊಬೈಲ್ ಗೋಪುರವೂ ಮೌನವಾಗುತ್ತದೆ. ಘಟ್ಟದ ಎಷ್ಟೋ ತಿರುವುಗಳಲ್ಲಿ ಬೇಸಿಗೆಯಲ್ಲೂ ನೆಟ್‌ವರ್ಕ್ ಇರುವುದಿಲ್ಲ. ಕಾರಿನ ಪ್ಲಗ್ಗು ಸರಿಯಿದ್ದು, ಯಂತ್ರದಲ್ಲಿ ವಿದ್ಯುತ್ತಿದ್ದು, ಜೇಬಿನಲ್ಲಿ ಹಣವಿದ್ದೂ ಸಂದೇಶವೊಂದು ಬಾರದ ಕಾರಣಕ್ಕೆ ಕಾರು ನಿಲ್ಲುವುದಾದರೆ ಅಂಥ ವ್ಯವಸ್ಥೆಯನ್ನು ಸಾರ್ವಜನಿಕ ಎನ್ನಲಾಗದು.

ಬೇರೆ ದೇಶಗಳು ಈ ತೊಡಕನ್ನು ಕಾನೂನಿನಿಂದ ಬಿಡಿಸಲು ಮುಂದಾಗಿವೆ. ಬ್ರಿಟನ್ 2023ರಲ್ಲಿ ಸಾರ್ವಜನಿಕ ಚಾರ್ಜಿಂಗ್ ನಿಯಮಗಳನ್ನು ತಂದು ದರವನ್ನು ಯೂನಿಟ್ಟಿನ ಲೆಕ್ಕದಲ್ಲೇ ತೋರಿಸಬೇಕೆಂದು ವಿಧಿಸಿತು. 50 ಕಿಲೋವ್ಯಾಟ್ ಹಾಗೂ ಅದಕ್ಕಿಂತ ಹೆಚ್ಚಿನ ಯಂತ್ರಗಳಲ್ಲಿ ಸಾಮಾನ್ಯ ಬ್ಯಾಂಕ್ ಕಾರ್ಡನ್ನು ಸೋಕಿಸಿ ಹಣ ನೀಡುವ ಸೌಕರ್ಯವನ್ನು 2024ರ ನವೆಂಬರ್ ಒಳಗೆ ಕಡ್ಡಾಯಗೊಳಿಸಿತು. ಅಂಥ ವೇಗದ ಚಾರ್ಜರುಗಳ ಜಾಲ ವರ್ಷದ ಶೇ. 99ರಷ್ಟು ಸಮಯ ಸುಸ್ಥಿತಿಯಲ್ಲಿರಬೇಕೆಂದೂ ಹೇಳಿತು. ಐರೋಪ್ಯ ಒಕ್ಕೂಟದಲ್ಲಿ 2024ರ ಏಪ್ರಿಲ್ 13ರಿಂದ ಸ್ಥಾಪನೆಯಾಗುವ ಸಾರ್ವಜನಿಕ ಚಾರ್ಜರುಗಳು ಯಾವ ನೋಂದಣಿಯೂ ಇಲ್ಲದೆ ದಾರಿಹೋಕನಿಗೆ ಸೇವೆ ನೀಡಬೇಕು. ನಮ್ಮ ದೇಶಕ್ಕೆ ಇದು ಅಸಾಧ್ಯವೇನಲ್ಲ. 2016ರಲ್ಲಿ ಆರಂಭವಾದ ಯುಪಿಐ ಇಂದು ತರಕಾರಿ ಬುಟ್ಟಿಯ ಬಳಿಯೂ ಇದೆ. ಸೊಪ್ಪು ಮಾರುವಾಕೆ ತನ್ನದೇ ಆ್ಯಪ್ ಇಳಿಸಿಕೊಳ್ಳಿ ಎಂದು ಗಿರಾಕಿಯನ್ನು ಒತ್ತಾಯಿಸುವುದಿಲ್ಲ.

ಇನ್ನು ಮಲೆನಾಡಿಗೆ ಅತ್ಯಂತ ಹತ್ತಿರದ ಪ್ರಶ್ನೆ: ವಿದ್ಯುತ್ತು ಯಾವ ಹೊತ್ತಿನದು? ಹಗಲಿನಲ್ಲಿ ರಾಜ್ಯದ ಸೌರಫಲಕಗಳಿಂದ ವಿದ್ಯುತ್ ಧಾರಾಳವಾಗಿ ಹರಿಯುತ್ತದೆ. ಸಂಜೆಯ ಬಳಿಕ ಕೊರತೆ ತಲೆದೋರುತ್ತದೆ. ಈ ಅಂತರವನ್ನು ತುಂಬುವ ಹೆಸರಿನಲ್ಲೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ಒಳಗೆ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿತು. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ರಾತ್ರಿ ಅದನ್ನೇ ಕೆಳಗಿಳಿಸಿ ವಿದ್ಯುತ್ ಪಡೆಯುವ ಈ ವಿಧಾನದಲ್ಲಿ 100 ಯೂನಿಟ್ ವ್ಯಯಿಸಿದರೆ ಮರಳಿ ದೊರೆಯುವುದು 75ರಿಂದ 80 ಯೂನಿಟ್. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಮನೆಮಠ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವಾಗ ಅದೇ ಕಣಿವೆಯಿಂದ ಮತ್ತೊಂದು ತ್ಯಾಗವನ್ನು ಕೇಳಲಾಗುತ್ತಿದೆ. ಕಾರುಗಳಿಂದಲೇ ಈ ಯೋಜನೆ ಹುಟ್ಟಿತೆನ್ನುವುದು ಅತಿಶಯೋಕ್ತಿ. ಆದರೆ ಮುಂದಿನ ವರ್ಷಗಳಲ್ಲಿ ಲಕ್ಷಾಂತರ ವಾಹನಗಳು ಸಂಜೆ ಏಳಕ್ಕೇ ಪ್ಲಗ್ಗು ಚುಚ್ಚಿದರೆ ಕಣಿವೆಗಳ ಮೇಲಿನ ಒತ್ತಡ ಹೆಚ್ಚುವುದು ಖಚಿತ.

ದೂರ ಪ್ರಯಾಣದ ಕಾರುಗಳು ಬಹುಮಟ್ಟಿಗೆ ಹಗಲಿನಲ್ಲೇ ಸಾಗುತ್ತವೆ. ಮಧ್ಯಾಹ್ನದ ಊಟದ ಹೊತ್ತಿಗೆ ಚಾರ್ಜ್ ಮಾಡುವವನು ಸೂರ್ಯನ ವಿದ್ಯುತ್ತನ್ನು ನೇರವಾಗಿ ಬಳಸುತ್ತಾನೆ. ಅದನ್ನು ಯಾವ ಕಣಿವೆಯಲ್ಲೂ ಕೂಡಿಡಬೇಕಾಗಿಲ್ಲ. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ಈ ತತ್ತ್ವವನ್ನು ಒಪ್ಪಿದೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ಕೇಂದ್ರಗಳಿಗೆ ಪೂರೈಕೆಯ ಸರಾಸರಿ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ದರ ವಿಧಿಸಬೇಕೆಂದು ಅದು ಹೇಳುತ್ತದೆ. ಈ ವ್ಯತ್ಯಾಸ ಕೇಂದ್ರದ ಮಾಲೀಕನ ಲೆಕ್ಕಪುಸ್ತಕದಲ್ಲೇ ಉಳಿಯಬಾರದು. ಹಗಲಿನ ದರ ಇಷ್ಟು, ಇರುಳಿನ ದರ ಇಷ್ಟು ಎಂದು ರಸ್ತೆಯಿಂದಲೇ ಕಾಣುವ ಫಲಕವಾಗಬೇಕು. ಆಗ ಬೆಲೆಯೇ ಪ್ರಯಾಣಿಕನಿಗೆ ಪರಿಸರದ ಪಾಠ ಹೇಳುತ್ತದೆ.

ಹಳ್ಳಿಯ ದೃಷ್ಟಿಯಿಂದ ಇನ್ನೊಂದು ಎಚ್ಚರಿಕೆಯೂ ಅಗತ್ಯ. 60 ಕಿಲೋವ್ಯಾಟ್‌ನ ಒಂದು ಚಾರ್ಜರು ಓಡುವುದೆಂದರೆ 5 ಅಶ್ವಶಕ್ತಿಯ 16 ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದಂತೆ. ತೋಟಕ್ಕೆ ನೀರು ಬಿಡುವ ಮಾರ್ಗಕ್ಕೇ ಅದನ್ನು ಜೋಡಿಸಿದರೆ ಬೇಸಿಗೆಯಲ್ಲಿ ಅಡಿಕೆ, ಕಾಳುಮೆಣಸು ಒಣಗುತ್ತವೆ. ಪ್ರತ್ಯೇಕ ಪರಿವರ್ತಕದ ವೆಚ್ಚ ಚಾರ್ಜಿಂಗ್ ಕೇಂದ್ರದ ಲೆಕ್ಕಕ್ಕೆ ಸೇರಬೇಕೇ ಹೊರತು ರೈತನ ಬೆಳೆಯ ಲೆಕ್ಕಕ್ಕಲ್ಲ. ಕೇಂದ್ರಗಳಿಗಾಗಿ ಕಾಡು ಕಡಿಯುವ, ರಸ್ತೆ ಅಗಲಿಸುವ ಅಗತ್ಯವೂ ಇಲ್ಲ. ಬಸ್ ನಿಲ್ದಾಣ, ಮಾರುಕಟ್ಟೆ ಪ್ರಾಂಗಣ, ಸಹಕಾರ ಸಂಘದ ಅಂಗಳಗಳು ಈಗಾಗಲೇ ಇವೆ. ಸಹಕಾರ ಸಂಘವೇ ಕೇಂದ್ರ ನಡೆಸಿದರೆ ಆದಾಯ ಊರಲ್ಲೇ ಉಳಿಯುತ್ತದೆ. ನೆಟ್‌ವರ್ಕ್ ಇಲ್ಲದಾಗ ನಗದು ಪಡೆದು ರಸೀದಿ ಕೊಡಲು ಗುಮಾಸ್ತರೂ ಇರುತ್ತಾರೆ.

ಇಷ್ಟೆಲ್ಲ ಹೇಳುವಾಗ ಕಾರೇ ಪರಿಹಾರವೆಂಬ ಭ್ರಮೆ ಸಲ್ಲದು. ನಲವತ್ತು ಜನರನ್ನು ಹೊರುವ ಒಂದು ಬಸ್ಸು ಹತ್ತು ಕಾರುಗಳಿಗಿಂತ ಬೆಟ್ಟಕ್ಕೆ ಹಿತ. ಆದರೆ ಬರುತ್ತಿರುವ ವಾಹನಗಳಿಗೆ ನಿಯಮ ರೂಪಿಸದೆ ಕೈಕಟ್ಟಿ ಕೂತರೆ ನಿಯಮವನ್ನು ಬೇರೆಯವರು ರೂಪಿಸುತ್ತಾರೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ತೆರಿಗೆ ಸೇರಿದ ಒಟ್ಟು ದರ ಯೂನಿಟ್ಟಿನ ಲೆಕ್ಕದಲ್ಲಿ ಕನ್ನಡದ ಫಲಕದ ಮೇಲೆ ಇರಬೇಕು. ನೋಂದಣಿಯಿಲ್ಲದೆ ಯುಪಿಐ, ಕಾರ್ಡು, ನಗದು ಮೂರರಲ್ಲಿ ಯಾವುದರಿಂದಲಾದರೂ ಪಾವತಿ ಸಾಧ್ಯವಾಗಬೇಕು. ಹಗಲಿನ ಅಗ್ಗದ ದರ ಪ್ರಯಾಣಿಕನಿಗೆ ತಲುಪಬೇಕು. ಸಾರ್ವಜನಿಕ ಚಾರ್ಜಿಂಗ್ ಮೇಲಿನ ತೆರಿಗೆ ವಾಹನದ ತೆರಿಗೆಯ ಮಟ್ಟಕ್ಕಾದರೂ ಇಳಿಯಬೇಕು. ಸೇವಾಶುಲ್ಕಕ್ಕೆ ಗರಿಷ್ಠ ಮಿತಿ ನಿಗದಿಪಡಿಸುವ ಹೊಣೆಯನ್ನು ಕೇಂದ್ರದ 2022ರ ಮಾರ್ಗಸೂಚಿ ರಾಜ್ಯ ಸರ್ಕಾರಗಳಿಗೇ ವಹಿಸಿತ್ತು. ಆ ಹೊಣೆಯನ್ನು ಬೆಟ್ಟದ ತಾಲ್ಲೂಕುಗಳ ಸ್ಥಿತಿ ಅರಿತು ನಿರ್ವಹಿಸಬೇಕು.

ಬೇಡಿಕೆ ಮುಂದಿಡಲು ವೇದಿಕೆಯೂ ಇದೆ. ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವುದೇ ಗ್ರಾಹಕ ಲಿಖಿತ ಆಕ್ಷೇಪ ಸಲ್ಲಿಸಿ ಮಾತನಾಡಬಹುದು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಚಾರ್ಜಿಂಗ್ ಕೇಂದ್ರಗಳಿಗೆ ಭೇಟಿಯಿತ್ತು ದರ ಎಷ್ಟು, ಫಲಕ ಇದೆಯೇ, ಯಂತ್ರ ಸುಸ್ಥಿತಿಯಲ್ಲಿದೆಯೇ, ನಗದು ಪಡೆಯುತ್ತಾರೆಯೇ ಎಂಬ ನಾಲ್ಕು ಸಂಗತಿಗಳನ್ನು ಮಳೆಗಾಲದ ಒಂದು ತಿಂಗಳು ಬರೆದಿಟ್ಟರೆ ಸಾಕು. ಅಂಥ ದಾಖಲೆ ಆಯೋಗದ ಮುಂದೆ ನೂರು ಭಾಷಣಗಳಿಗಿಂತ ತೂಕದ್ದು. ಗ್ರಾಮಸಭೆಗಳು ಕೇಂದ್ರದ ಜಾಗ ಮತ್ತು ವಿದ್ಯುತ್ ಮಾರ್ಗದ ಬಗ್ಗೆ ಈಗಲೇ ನಿರ್ಣಯ ಮಾಡಲಿ. ಮಾರುಕಟ್ಟೆಯಲ್ಲಿ ಧಾರಣೆಯ ಫಲಕ ತಾನಾಗಿ ಬರಲಿಲ್ಲ. ಧಾರಣೆ ಕೇಳುವ ರೈತರಿದ್ದುದರಿಂದ ಬಂತು.