ಬುತ್ತಿ ಡಬ್ಬಿಯ ಚೀಸ್: ಯಾವುದು, ಎಷ್ಟು?

ಪರೀಕ್ಷೆ ಹತ್ತಿರ ಬಂತೆಂದರೆ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಮಕ್ಕಳಿಗೆ ಶಕ್ತಿ ಬರೋದಕ್ಕೆ ಏನು ಕೊಡಬೇಕು ಮೇಡಂ?" ಹೋದ ವರ್ಷ ಬಂದಿದ್ದ ಒಬ್ಬ ತಾಯಿ ಮಾತ್ರ ಪ್ರಶ್ನೆಯ ಬದಲು ಉತ್ತರವನ್ನೇ ತಂದಿದ್ದರು. ಜೊತೆಯಲ್ಲಿ ಒಂಬತ್ತನೇ ತರಗತಿಯಲ್ಲಿ ಓದುವ ಮಗಳು.

"ಇವಳು ಮುದ್ದೆ ಮುಟ್ಟೋಲ್ಲ, ಸೊಪ್ಪು ಕಂಡರೆ ಆಗೋಲ್ಲ. ಆದ್ರೂ ನನಗೆ ಯೋಚನೆ ಇಲ್ಲ. ದಿನಾ ಬ್ರೆಡ್ಡಿನ ಮಧ್ಯೆ ನಾಲ್ಕು ಚೀಸ್ ಸ್ಲೈಸ್ ಇಟ್ಟು ಕೊಡ್ತೀನಿ. ಅದೂ ಹಾಲಿನದೇ ಅಲ್ವಾ?" ಎಂದರು. ಯೋಚನೆ ಇಲ್ಲದಿದ್ದರೆ ಬಂದದ್ದೇಕೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು: "ಎರಡು ಮಹಡಿ ಹತ್ತಿದರೆ ಏದುಸಿರು ಬಿಡ್ತಾಳೆ. ಓದೋಕೆ ಕೂತರೆ ತೂಕಡಿಸ್ತಾಳೆ."

ಮೊದಲು ವೈದ್ಯರಿಗೆ ತೋರಿಸಿ ಎಂದು ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಬಂತು. ಆ ವಯಸ್ಸಿನ ಹುಡುಗಿಗೆ ಕನಿಷ್ಠ 12 ಇರಬೇಕು. ತಾಯಿಯ ಮುಖ ಸಪ್ಪಗಾಯಿತು. "ಹಾಗಾದರೆ ಚೀಸ್ ಕೆಟ್ಟದ್ದಾ?" ಎಂದು ಕೇಳಿದರು.

ಇಲ್ಲ, ಚೀಸ್ ಕೆಟ್ಟದ್ದಲ್ಲ. ರಕ್ತಹೀನತೆಗೆ ಅದೇ ಕಾರಣ ಎಂದೂ ಹೇಳುವಂತಿಲ್ಲ. ತಪ್ಪು ಎಲ್ಲಿದೆಯೆಂದರೆ, ಊಟದ ಪಕ್ಕದಲ್ಲಿ ಇರಬೇಕಾದದ್ದನ್ನು ಊಟದ ಜಾಗದಲ್ಲಿ ಕೂರಿಸಿದ್ದು. ಚೀಸ್‌ನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ನಾರಿನಂಶ ಇಲ್ಲ, 'ಸಿ' ಜೀವಸತ್ವವೂ ಇಲ್ಲ. ಸೊಪ್ಪು, ಕಾಳು, ಹಣ್ಣುಗಳನ್ನು ತಟ್ಟೆಯಿಂದ ಸರಿಸಿ ಆ ಜಾಗಕ್ಕೆ ಚೀಸ್ ಬಂದರೆ ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಇದು ಒಬ್ಬಳ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ.

ಅಷ್ಟಕ್ಕೂ ಚೀಸ್ ಎಂದರೇನು? ಹಾಲನ್ನು ಹೆಪ್ಪುಗಟ್ಟಿಸಿ, ನೀರು ಬಸಿದು, ಉಳಿದ ಗಟ್ಟಿ ಭಾಗಕ್ಕೆ ಉಪ್ಪು ಸೇರಿಸಿ, ಒತ್ತಿ, ಹದಕ್ಕೆ ಬರುವವರೆಗೆ ಇಡುತ್ತಾರೆ. ಚೆಡ್ಡಾರ್‌ನಂಥ ಗಟ್ಟಿ ಚೀಸ್ ಒಂದು ಕಿಲೋ ಆಗಬೇಕಾದರೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಅಂದರೆ ಹಾಲಿನ ಸಸಾರಜನಕ, ಸುಣ್ಣದ ಅಂಶ, ಜಿಡ್ಡು ಎಲ್ಲವೂ ಅಲ್ಲಿ ಒಟ್ಟಾಗಿ ಕೂತಿರುತ್ತವೆ. 100 ಗ್ರಾಂ ಚೆಡ್ಡಾರ್‌ನಲ್ಲಿ ಸುಮಾರು 25 ಗ್ರಾಂ ಸಸಾರಜನಕ, 700 ಮಿಲಿಗ್ರಾಂ ಸುಣ್ಣದ ಅಂಶ. ಎಲುಬು ಬೆಳೆಯುವ ವಯಸ್ಸಿಗೆ ಇವೆರಡೂ ಬೇಕಾದವೇ. ಆದರೆ ಅದೇ ತುಂಡಿನಲ್ಲಿ 33 ಗ್ರಾಂನಷ್ಟು ಕೊಬ್ಬು, 400 ಕ್ಯಾಲೊರಿ ಕೂಡ ಇವೆ. ಆ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು. ಇದು ಮಿತಿ ಮೀರಿದರೆ ಹೃದಯಕ್ಕೆ ಹಿತವಲ್ಲ.

ನಮ್ಮ ಅಂಗಡಿಗಳಲ್ಲಿ ಸ್ಲೈಸ್, ಕ್ಯೂಬ್, ಟಿನ್ ಎಂದು ಸಿಗುವುದು ಹೆಚ್ಚಾಗಿ ಸಂಸ್ಕರಿಸಿದ, ಅಂದರೆ ಪ್ರೋಸೆಸ್ಡ್ ಚೀಸ್. ಚೀಸನ್ನು ಕರಗಿಸಿ, ಜಿಡ್ಡು ಬೇರೆಯಾಗದಂತೆ ಸಿಟ್ರೇಟ್, ಫಾಸ್ಫೇಟ್ ಲವಣಗಳನ್ನು ಬೆರೆಸಿ ಮತ್ತೆ ಅಚ್ಚು ಹಾಕಿದ್ದು. 1911ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಈ ವಿದ್ಯೆ ಹುಟ್ಟಿದ್ದು ಚೀಸ್ ಹೆಚ್ಚು ದಿನ ಕೆಡದೆ ಇರಲೆಂದು. ಅನುಕೂಲವೇನೋ ನಿಜ. ಆದರೆ ಈ ಲವಣಗಳೂ ಉಪ್ಪೂ ಸೇರಿ ಸೋಡಿಯಂ ಏರುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 1,250 ಮಿಲಿಗ್ರಾಂ ಸೋಡಿಯಂ ಇದೆ ಎಂದಿಟ್ಟುಕೊಳ್ಳಿ. 20 ಗ್ರಾಂನ ನಾಲ್ಕು ಸ್ಲೈಸ್ ಎಂದರೆ 80 ಗ್ರಾಂ. ಅದರಲ್ಲಿ ಸೋಡಿಯಂ 1,000 ಮಿಲಿಗ್ರಾಂ, ಅಂದರೆ ಉಪ್ಪು ಎರಡೂವರೆ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಆ ಹುಡುಗಿ ಮಧ್ಯಾಹ್ನದ ಬುತ್ತಿಯಲ್ಲೇ ಅದರ ಅರ್ಧ ಮುಗಿಸುತ್ತಿದ್ದಳು. ಸಾರು, ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಇನ್ನೂ ಬಾಕಿ!

ಹಾಗಾದರೆ ಯಾವುದನ್ನು ಆರಿಸಬೇಕು?

ಮೊದಲ ಸ್ಥಾನ ನಮ್ಮ ಪನೀರ್‌ಗೆ. ಅದಕ್ಕೆ ಉಪ್ಪು ಬೆರೆಸುವುದಿಲ್ಲ. 100 ಗ್ರಾಂನಲ್ಲಿ ಸುಮಾರು 18 ಗ್ರಾಂ ಸಸಾರಜನಕ ಇರುತ್ತದೆ. ಜಿಡ್ಡು ಇದರಲ್ಲೂ ಉಂಟು. ಕೆನೆ ತೆಗೆದ ಹಾಲಿನಿಂದ ಮನೆಯಲ್ಲೇ ಮಾಡಿದರೆ ಅದೂ ಕಡಿಮೆ. ಒಂದು ಲೀಟರ್ ಹಾಲು ಕುದಿಸಿ, ಒಲೆ ಆರಿಸಿ, ನಿಂಬೆರಸ ಹಿಂಡಿ. ಒಡೆದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ, ಮೇಲೆ ಭಾರ ಇಟ್ಟರೆ ಆಯಿತು. ಸೋಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಬಳಸಿ. ಆದರೆ ಪನೀರ್ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಕಟ್ಟಿದ ಹಸಿ ಪನೀರ್ ಮಧ್ಯಾಹ್ನದವರೆಗೆ ಡಬ್ಬಿಯಲ್ಲಿ ಕೂರುವುದು ಬೇಡ.

ಎರಡನೆಯದು ಚೆಡ್ಡಾರ್, ಮೊಝರೆಲ್ಲಾದಂಥ ಸಹಜ ಚೀಸ್. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಕೆಲವರಿಗೆ ಚೆನ್ನಾಗಿ ಹದಗೊಂಡ ಗಟ್ಟಿ ಚೀಸ್ ಒಗ್ಗುತ್ತದೆ. ಹಾಲಿನ ಸಕ್ಕರೆ ಬಹುಪಾಲು ಬಸಿದ ನೀರಿನೊಡನೆ ಹೋಗಿರುತ್ತದೆ. ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಕೊಳ್ಳಿ. ಹಿಂದಿನಿಂದ ಬಂದ ಪದ್ಧತಿಯಲ್ಲಿ ಹೆಪ್ಪಿಗೆ ಬಳಸುವ ರೆನೆಟ್ ಕರುವಿನ ಜಠರದಿಂದ ತೆಗೆದದ್ದು; ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಈಗ ಇದೆ.

ಸಂಸ್ಕರಿಸಿದ ಚೀಸ್ ಮೂರನೆಯದು. ಸ್ಪ್ರೆಡ್ ಅದರ ತಮ್ಮ. ಇವನ್ನು ಅಪರೂಪಕ್ಕೆ ಇಟ್ಟುಕೊಳ್ಳಿ. ಕೊನೆಯದಾಗಿ, 'ಅನಲಾಗ್' ಎಂಬ ಪದ ಪೊಟ್ಟಣದ ಮೇಲೆ ಕಂಡರೆ ಅದು ಚೀಸ್ ಅಲ್ಲ, ಅದರ ಹೋಲಿಕೆ. ಹಾಲಿನ ಜಿಡ್ಡಿನ ಬದಲು ಸಾಮಾನ್ಯವಾಗಿ ಪಾಮ್ ಎಣ್ಣೆಯಂಥದ್ದು ಸೇರಿರುತ್ತದೆ. ಬೆಲೆ ಕಡಿಮೆ ಎಂದು ಮೋಸಹೋಗಬೇಡಿ.

ಈಗ ಪ್ರಮಾಣ. ದಿನಕ್ಕೆ ಒಂದು ಸ್ಲೈಸ್ ಅಥವಾ ಹೆಬ್ಬೆಟ್ಟಿನ ಗಾತ್ರದ ತುಂಡು, ಅದೂ ವಾರಕ್ಕೆ ಎರಡು ಮೂರು ದಿನ ಇದ್ದರೆ ಸಾಕು. ಉಳಿದ ಸುಣ್ಣದ ಅಂಶ ಎಲ್ಲಿಂದ ಎನ್ನುವಿರಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 13ರಿಂದ 15 ವರ್ಷದವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. ಒಂದು ಲೋಟ ಹಾಲಿನಲ್ಲಿ 240ರಷ್ಟು, ದೊಡ್ಡ ಬಟ್ಟಲು ಮೊಸರಿನಲ್ಲಿ 180ರಷ್ಟು ಸಿಗುತ್ತದೆ. 75 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿ 270ರಷ್ಟಿದೆ. ಜೊತೆಗೆ ನುಗ್ಗೆಸೊಪ್ಪಿನ ಪಲ್ಯ, ಸ್ವಲ್ಪ ಎಳ್ಳಿನ ಚಟ್ನಿಪುಡಿ ಇರಲಿ. ರಾಗಿ, ಸೊಪ್ಪಿನ ಸುಣ್ಣ ಹಾಲಿನದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೇ ಎರಡೂ ಬೇಕು. ಚೀಸ್ ಕೊಡುವ ದಿನ ಬರಿ ಬ್ರೆಡ್ಡಿನೊಡನೆ ಕೊಡಬೇಡಿ. ಗೋಧಿ ಚಪಾತಿಯೊಳಗೆ ಸೌತೆಕಾಯಿ, ಟೊಮೆಟೊ, ಕ್ಯಾರೆಟ್ ತುರಿ ಇಟ್ಟು, ಮೇಲೆ ಒಂದಿಷ್ಟು ಚೀಸ್ ತುರಿದು ಸುತ್ತಿಕೊಡಿ. ಆ ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ.

ಇನ್ನೊಂದು ಮಾತು. ಸುಣ್ಣದ ಅಂಶ ಕಬ್ಬಿಣವನ್ನು ಹೀರಿಕೊಳ್ಳಲು ಅಡ್ಡಿ ಮಾಡುತ್ತದೆ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದನ್ನು ಹಾಲು, ಚೀಸ್ ಜೊತೆ ನುಂಗಬೇಡಿ. ಒಂದೆರಡು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕ ಜೊತೆಗಿದ್ದರೆ ಒಳ್ಳೆಯದು.

ಆ ಹುಡುಗಿ ವೈದ್ಯರ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಳು. ಮೂರು ತಿಂಗಳ ಮೇಲೆ ತಾಯಿ ಮಗಳು ಮತ್ತೆ ಬಂದಾಗ ಹಿಮೋಗ್ಲೋಬಿನ್ ಹನ್ನೊಂದು ದಾಟಿತ್ತು. ಮುದ್ದೆಗೆ ಇನ್ನೂ ಮುಖ ಸಿಂಡರಿಸುತ್ತಾಳಂತೆ. ಆದರೆ ನುಗ್ಗೆಸೊಪ್ಪು ಬೆರೆಸಿದ ರಾಗಿ ರೊಟ್ಟಿಯ ಮೇಲೆ ಒಂದೇ ಒಂದು ಸ್ಲೈಸ್ ಚೀಸ್ ಕರಗಿಸಿ ಕೊಟ್ಟರೆ ತಟ್ಟೆ ಖಾಲಿ. "ಉಳಿದ ಮೂರು ಸ್ಲೈಸಿನ ದುಡ್ಡಿನಲ್ಲಿ ಹಣ್ಣು ತರ್ತೀನಿ ಮೇಡಂ" ಎಂದರು ತಾಯಿ. ನೀವೂ ಇವತ್ತು ಸಂಜೆ ಮಕ್ಕಳೊಡನೆ ಕೂತು ಮನೆಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ನೋಡಿ. ಎರಡೂವರೆಯಿಂದ ಗುಣಿಸುವ ಕೆಲಸ ಮಕ್ಕಳಿಗೇ ಬಿಡಿ.